ಕ್ವಿಬೆಕ್‌ನಿಂದ ಬಾಸ್ಟನ್‌ಗೆ ಹಡಗಿನಲ್ಲಿ: ಎಲೆ ಕೆಂಪಾಗುವ ಹೊತ್ತಿನ ಪ್ರಯಾಣ

ಪ್ರಶ್ನೆ: ನಾನು, ನನ್ನ ಹೆಂಡತಿ ಮತ್ತು ನನ್ನ ಅಮ್ಮ ಮುಂದಿನ ಶರತ್ಕಾಲದಲ್ಲಿ ಕೆನಡಾ ಮತ್ತು ನ್ಯೂ ಇಂಗ್ಲೆಂಡ್ ಕರಾವಳಿಯಲ್ಲಿ ಹಡಗು ಪ್ರವಾಸ ಮಾಡಬೇಕೆಂದಿದ್ದೇವೆ. ಎರಡು ಪ್ರವಾಸಗಳು ಕಣ್ಣಿಗೆ ಬಿದ್ದಿವೆ. ಒಂದು ಬಾಸ್ಟನ್‌ನಿಂದ ಹೊರಟು ಬಾಸ್ಟನ್‌ಗೇ ಮರಳುವ ಏಳು ರಾತ್ರಿಯದು. ಇನ್ನೊಂದು ಕ್ವಿಬೆಕ್ ನಗರದಿಂದ ಬಾಸ್ಟನ್‌ಗೆ ಹತ್ತು ರಾತ್ರಿಯದು. ಇದರಲ್ಲಿ ಸ್ಯಾಗನೇ, ಶಾರ್ಲೆಟ್‌ಟೌನ್, ಸಿಡ್ನಿ, ಹ್ಯಾಲಿಫ್ಯಾಕ್ಸ್, ಸೇಂಟ್ ಜಾನ್, ಬಾರ್ ಹಾರ್ಬರ್ ಬಂದರುಗಳಿವೆ. ಎಲೆಗಳ ಬಣ್ಣ ನೋಡಲು ಯಾವುದು ಒಳ್ಳೆಯದು, ಯಾವ ವಾರ ಹೋಗಬೇಕು? ಬಾಲ್ಕನಿ ಇರುವ ಕೋಣೆಗೆ ಜಾಸ್ತಿ ದುಡ್ಡು ಕೊಡಬೇಕಾ? ಅಮ್ಮನಿಗೆ 71 ವರ್ಷ, ಮಂಡಿ ನೋವಿದೆ. ನಮ್ಮಿಬ್ಬರಿಗೆ ಅಮೆರಿಕದ ಗ್ರೀನ್ ಕಾರ್ಡ್ ಇದೆ, ಅಮ್ಮನದು ಭಾರತದ ಪಾಸ್‌ಪೋರ್ಟ್, ಪ್ರವಾಸಿ ವೀಸಾ.

ಉತ್ತರ: ಕ್ವಿಬೆಕ್‌ನಿಂದ ಹೊರಡುವ ಹತ್ತು ರಾತ್ರಿಯ ಪ್ರವಾಸವನ್ನೇ ತೆಗೆದುಕೊಳ್ಳಿ. ಸೆಪ್ಟೆಂಬರ್ 28ರಿಂದ ಅಕ್ಟೋಬರ್ 5ರ ಒಳಗೆ ಹಡಗು ಹತ್ತಿ. ಬಾಲ್ಕನಿಗೆ ದುಡ್ಡು ಹಾಕಬೇಡಿ. ಅದೇ ದುಡ್ಡಿನಲ್ಲಿ ಕ್ವಿಬೆಕ್ ನಗರದಲ್ಲಿ ಎರಡು ರಾತ್ರಿ ಮೊದಲೇ ಹೋಗಿ ಉಳಿದುಕೊಳ್ಳಿ. ಹೀಗೆ ಯಾಕೆ ಹೇಳುತ್ತೇನೆ ಅಂತ ಈಗ ವಿವರವಾಗಿ ಬರೆಯುತ್ತೇನೆ. ಈ ದಾರಿಯಲ್ಲಿ ನಾನು ಹಲವು ಸಲ ಹೋಗಿಬಂದಿದ್ದೇನೆ, ಬೇರೆಯವರ ಪ್ರವಾಸಗಳನ್ನೂ ಜೋಡಿಸಿಕೊಟ್ಟಿದ್ದೇನೆ. ಬೇಸರ ಮಾಡಿಕೊಂಡು ಬಂದವರೆಲ್ಲರೂ ಬಹುತೇಕ ಒಂದೇ ಮಾತು ಹೇಳುತ್ತಾರೆ: "ಹಡಗಿನಿಂದ ನೋಡಿದರೆ ಎಲ್ಲಾ ಹಸಿರೇ ಇತ್ತು."

ಅವರು ಹೇಳುವುದು ನಿಜ. ಅಮೆರಿಕದ ಮೇನ್ ರಾಜ್ಯ ಮತ್ತು ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ್ಯದ ಕಡಲಂಚಿನಲ್ಲಿ ಸ್ಪ್ರೂಸ್, ಫರ್ ಮರಗಳೇ ಜಾಸ್ತಿ. ಸೂಜಿ ಎಲೆಯ ಈ ಮರಗಳು ವರ್ಷವಿಡೀ ಹಸಿರಾಗಿಯೇ ಇರುತ್ತವೆ. ಉಪ್ಪು ಗಾಳಿಯನ್ನೂ ತೆಳು ಮಣ್ಣನ್ನೂ ತಡೆದುಕೊಳ್ಳುವ ಮರಗಳು ಅವು. ಕೆಂಪು, ಕಿತ್ತಳೆ ಬಣ್ಣ ಕೊಡುವ ಮೇಪಲ್ ಮರಗಳು ಒಳನಾಡಿನಲ್ಲಿ, ಗುಡ್ಡಗಳ ಇಳಿಜಾರಿನಲ್ಲಿ ಹೆಚ್ಚು. ಸಾಲದ್ದಕ್ಕೆ ಸಮುದ್ರದಲ್ಲಿ ಹೋಗುವಾಗ ಹಡಗು ದಡದಿಂದ ದೂರ ಇರುತ್ತದೆ, ಒಂದು ಬಂದರಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ರಾತ್ರಿಯೇ ಸಾಗುತ್ತದೆ. ಹಾಗಾಗಿ ಎಲೆ ನೋಡಬೇಕೆಂದರೆ ತಾರೀಕು ಹುಡುಕುವುದಕ್ಕಿಂತ ಮೊದಲು ದಾರಿ ಹುಡುಕಬೇಕು. ಹಡಗು ಎಲ್ಲಿ ದಡಕ್ಕೆ ಹತ್ತಿರ ಹೋಗುತ್ತದೆ, ಅಲ್ಲಿ ಎಂಥ ಮರಗಳಿವೆ, ಆ ಜಾಗವನ್ನು ಹಗಲಿನಲ್ಲಿ ದಾಟುತ್ತದಾ? ಈ ಮೂರಕ್ಕೂ ಸರಿಯಾದ ಉತ್ತರ ಸಿಗುವುದು ಕ್ವಿಬೆಕ್ ನಗರದ ಸೇಂಟ್ ಲಾರೆನ್ಸ್ ನದಿಯಲ್ಲಿ ಮತ್ತು ಸ್ಯಾಗನೇ ಫ್ಯೋರ್ಡ್‌ನಲ್ಲಿ, ಅಂದರೆ ಸಮುದ್ರದ ನೀರು ನುಗ್ಗಿದ ಕಡಿದಾದ ಕಣಿವೆಯಲ್ಲಿ. ಏಳು ರಾತ್ರಿಯ ಪ್ರವಾಸ ಇವೆರಡನ್ನೂ ಮುಟ್ಟುವುದೇ ಇಲ್ಲ.

ಬಣ್ಣ ಹೇಗೆ ಬರುತ್ತದೆ ಅಂತ ಗೊತ್ತಿದ್ದರೆ ದಿನ ಆರಿಸುವುದು ಸುಲಭ. ಹಗಲು ಚಿಕ್ಕದಾಗುತ್ತಿದ್ದಂತೆ ಮರ ತನ್ನ ಎಲೆಯಲ್ಲಿನ ಹಸಿರು ವಸ್ತುವನ್ನು, ಅಂದರೆ ಕ್ಲೋರೋಫಿಲ್ ಅನ್ನು, ಹೊಸದಾಗಿ ಮಾಡುವುದನ್ನು ನಿಲ್ಲಿಸುತ್ತದೆ. ಇದ್ದ ಹಸಿರು ಕರಗುತ್ತಾ ಹೋದಾಗ ಅದರ ಹಿಂದೆ ಮೊದಲಿನಿಂದಲೂ ಇದ್ದ ಹಳದಿ ಕಾಣಿಸುತ್ತದೆ. ಕೆಂಪಿನ ಕತೆ ಬೇರೆ. ಅದು ಎಲೆಯಲ್ಲಿ ಮೊದಲೇ ಇರುವುದಿಲ್ಲ, ಆ ಕೆಲವು ವಾರಗಳಲ್ಲಿ ಹೊಸದಾಗಿ ಹುಟ್ಟುತ್ತದೆ. ಹಗಲು ಒಳ್ಳೆಯ ಬಿಸಿಲಿದ್ದು ರಾತ್ರಿ ಚಳಿ ಬಿದ್ದರೆ, ಆದರೆ ಹಿಮಗಟ್ಟುವಷ್ಟು ಅಲ್ಲದಿದ್ದರೆ, ಕೆಂಪು ಚೆನ್ನಾಗಿ ಏರುತ್ತದೆ. ಮೋಡ ಮುಚ್ಚಿ ಮಳೆ ಹಿಡಿದ ವರ್ಷ ಹಳದಿ ಇರುತ್ತದೆ, ಕೆಂಪು ಸಪ್ಪೆಯಾಗುತ್ತದೆ. ಆರು ತಿಂಗಳ ಮೊದಲು ಇದನ್ನು ಯಾರೂ ಹೇಳಲಾರರು.

ಹೇಳಬಹುದಾದದ್ದು ಬಣ್ಣ ನಡೆಯುವ ದಿಕ್ಕನ್ನು. ಅದು ಉತ್ತರದಿಂದ ದಕ್ಷಿಣಕ್ಕೆ, ಒಳನಾಡಿನಿಂದ ಕಡಲಿನ ಕಡೆಗೆ ಬರುತ್ತದೆ. ಸ್ಯಾಗನೇಯಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರ. ಕ್ವಿಬೆಕ್ ನಗರದಲ್ಲಿ ಅದಕ್ಕೆ ಸ್ವಲ್ಪ ಹಿಂದುಮುಂದು. ಸಿಡ್ನಿ ಬಂದರಿರುವ ಕೇಪ್ ಬ್ರೆಟನ್ ದ್ವೀಪದಲ್ಲಿ ಅಕ್ಟೋಬರ್ ಎರಡನೇ ವಾರ. ಬಾರ್ ಹಾರ್ಬರ್ ಸುತ್ತಮುತ್ತ ಅಕ್ಟೋಬರ್ ನಡುಭಾಗ. ಬಾಸ್ಟನ್‌ನಲ್ಲಿ ಇನ್ನೂ ತಡ, ಏಕೆಂದರೆ ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡ ಸಮುದ್ರ ಪಕ್ಕದ ನೆಲವನ್ನು ಬೇಗ ತಣ್ಣಗಾಗಲು ಬಿಡುವುದಿಲ್ಲ. ಉತ್ತರದಿಂದ ಇಳಿದು ಬರುವ ಹಡಗು ಬಣ್ಣದ ಜೊತೆಜೊತೆಗೇ ಬರುತ್ತದೆ. ಬಾಸ್ಟನ್‌ನಿಂದ ಮೇಲಕ್ಕೆ ಹೋದರೆ ಬಣ್ಣಕ್ಕೆ ಎದುರಾಗಿ ಹೋದಂತೆ: ಮೊದಲು ಹಸಿರು, ನಡುವೆ ಬಣ್ಣ, ಕೊನೆಗೆ ಉದುರಿದ ಎಲೆ.

ಅಕ್ಟೋಬರ್ ಎರಡನೇ ಸೋಮವಾರ ಯಾವ ತಾರೀಕಿಗೆ ಬೀಳುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ. ಅಂದು ಕೆನಡಾದಲ್ಲಿ ಥ್ಯಾಂಕ್ಸ್‌ಗಿವಿಂಗ್, ಅಮೆರಿಕದಲ್ಲೂ ರಜೆ. ಕೆನಡಾದ ಊರುಗಳಲ್ಲಿ ಹಲವು ಅಂಗಡಿಗಳು ಮುಚ್ಚಿರುತ್ತವೆ. ಮೇನ್‌ನಲ್ಲಿ ಆ ವಾರಾಂತ್ಯ ರಸ್ತೆಯ ತುಂಬ ಕಾರು. ಆ ಮೂರು ದಿನ ನಿಮ್ಮ ಹಡಗು ಬಾರ್ ಹಾರ್ಬರ್‌ನಲ್ಲಿ ಇರದಂತೆ ನೋಡಿಕೊಂಡರೆ ಸಾಕು.

ಈಗ ಕಾಗದಪತ್ರದ ವಿಷಯ, ಚುಟುಕಾಗಿ. ನಿಮ್ಮಿಬ್ಬರಿಗೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಇದ್ದರೆ ಕೆನಡಾ ವೀಸಾ ಬೇಕಿಲ್ಲ. ಅಮ್ಮನಿಗೆ ಕೆನಡಾದ ಪ್ರವಾಸಿ ವೀಸಾ ಬೇಕೇ ಬೇಕು. ಹಡಗಿನಿಂದ ಇಳಿಯುವುದಿಲ್ಲ ಅಂದುಕೊಂಡರೂ ವೀಸಾ ಇಲ್ಲದೆ ಹತ್ತಿಸಿಕೊಳ್ಳುವುದಿಲ್ಲ. ಅವರ ಅಮೆರಿಕದ ವೀಸಾ ಹಲವು ಸಲ ಒಳಬರಲು ಬಿಡುವಂಥದ್ದಾ, ಬಾಸ್ಟನ್ ತಲುಪುವ ದಿನಕ್ಕೂ ಚಾಲ್ತಿಯಲ್ಲಿರುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಏಳು ರಾತ್ರಿಯ ಪ್ರವಾಸ ಆರಿಸಿದರೂ ಕೆನಡಾ ವೀಸಾ ತಪ್ಪುವುದಿಲ್ಲ. ಬೇರೆ ದೇಶದ ಬಾವುಟ ಹಾರಿಸುವ ಹಡಗುಗಳು ಬರೀ ಅಮೆರಿಕದ ಬಂದರುಗಳ ನಡುವೆ ಪ್ರಯಾಣಿಕರನ್ನು ಸುತ್ತಿಸುವಂತಿಲ್ಲ ಎಂಬ ಕಾನೂನು 1886ರಿಂದ ಇದೆ. ದೊಡ್ಡ ಪ್ರವಾಸಿ ಹಡಗುಗಳೆಲ್ಲ ಹೆಚ್ಚುಕಡಿಮೆ ಬೇರೆ ದೇಶಗಳ ಬಾವುಟದವೇ. ಆದ್ದರಿಂದ ಬಾಸ್ಟನ್‌ನಿಂದ ಹೊರಟ ಹಡಗು ನಡುವೆ ಕೆನಡಾ ಮುಟ್ಟಿಯೇ ಬರಬೇಕು.

ಕ್ವಿಬೆಕ್ ನಗರದಲ್ಲಿ ಎರಡು ರಾತ್ರಿ ಅಂದೆನಲ್ಲ, ಅದಕ್ಕೆ ಎರಡು ಕಾರಣ. ವಿಮಾನ ತಡವಾದರೂ ಹಡಗು ತಪ್ಪುವುದಿಲ್ಲ ಎಂಬುದು ಒಂದು. ಊರೇ ಅಷ್ಟು ಚೆಂದ ಎಂಬುದು ಇನ್ನೊಂದು. ಸ್ಯಾಮ್ಯುಯೆಲ್ ದ ಶಾಂಪ್ಲೇನ್ 1608ರಲ್ಲಿ ಇಲ್ಲಿ ನೆಲೆಯೂರಿದ. ನದಿ ಕಿರಿದಾಗುವ ಜಾಗ ಎಂಬ ಅರ್ಥದ ಸ್ಥಳೀಯರ ಮಾತಿನಿಂದ ಊರಿಗೆ ಆ ಹೆಸರು. ಹಳೆಯ ಊರು 1985ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಸುತ್ತಲಿನ ಕೋಟೆ ಗೋಡೆ ಇವತ್ತಿಗೂ ನಿಂತಿದೆ. ಊರು ಎರಡು ಹಂತದಲ್ಲಿದೆ, ಕೆಳಗಿನ ಊರು ನದಿಯ ಮಟ್ಟದಲ್ಲಿ, ಮೇಲಿನ ಊರು ಬಂಡೆಯ ಮೇಲೆ. ಅಮ್ಮ ಆ ಮೆಟ್ಟಿಲು ಹತ್ತಬೇಕಾಗಿಲ್ಲ. 1879ರಿಂದ ಇರುವ ಹಳಿ ಲಿಫ್ಟ್ ಒಂದೆರಡು ನಿಮಿಷದಲ್ಲಿ ಮೇಲಕ್ಕೆ ಒಯ್ಯುತ್ತದೆ. ಮೇಲೆ 1893ರಲ್ಲಿ ತೆರೆದ ಶಾಟೋ ಫ್ರಾಂಟನ್ಯಾಕ್ ಹೋಟೆಲ್. ಅದರ ಮುಂದಿನ ಹಲಗೆ ಹಾಸಿನ ಮೇಲೆ ಸಮತಟ್ಟಾಗಿ ನಡೆಯುತ್ತಾ ನದಿ ನೋಡಬಹುದು. ಒಂದು ಮಧ್ಯಾಹ್ನ ಮೊಂಮೊರೆನ್ಸಿ ಜಲಪಾತಕ್ಕೆ ಇಡಿ. 83 ಮೀಟರ್ ಎತ್ತರ, ನಯಾಗರಾಕ್ಕಿಂತ ಸುಮಾರು 30 ಮೀಟರ್ ಜಾಸ್ತಿ. ಅಲ್ಲಿ ಕೇಬಲ್ ಕಾರ್ ಕೂಡ ಇದೆ. ಊಟದ ಬಗ್ಗೆ ಒಂದು ಮಾತು: ಪೂಟಿನ್ ಎಂಬ ಆಲೂ ತಿಂಡಿ ಎಲ್ಲೆಲ್ಲೂ ಸಿಗುತ್ತದೆ, ನೋಡಿದರೆ ಸಸ್ಯಾಹಾರದಂತೆಯೇ ಕಾಣುತ್ತದೆ. ಮೇಲೆ ಸುರಿಯುವ ಸಾರು ಸಾಮಾನ್ಯವಾಗಿ ಮಾಂಸ ಬೇಯಿಸಿದ ನೀರಿನದು. ಮಾಂಸ ತಿನ್ನದವರು ಕೇಳಿಯೇ ತಿನ್ನಿ.

ಹಡಗು ಹೊರಟ ಮೇಲೆ ನದಿ ಅಗಲವಾಗುತ್ತಾ ಹೋಗುತ್ತದೆ. ಎಡಗಡೆ ಶಾರ್ಲ್‌ವಾ ಬೆಟ್ಟಗಳು ನೀರಿನಿಂದ ನೇರ ಎದ್ದಂತೆ ಕಾಣುತ್ತವೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಉಲ್ಕೆಯೊಂದು ಬಿದ್ದು ರೂಪುಗೊಂಡ ನೆಲ ಅದು. ಬಲಗಡೆಯ ದಡ ತಗ್ಗು, ಹೊಲ, ಹಳ್ಳಿ, ಚರ್ಚಿನ ಗೋಪುರ. ಇಲ್ಲಿ ಮೇಪಲ್, ಬರ್ಚ್ ಮರಗಳು ದಡದ ತನಕ ಬರುತ್ತವೆ. ಬಣ್ಣವನ್ನು ಹಡಗಿನ ಮೇಲೆ ನಿಂತೇ ನೋಡಬಹುದಾದ ದಿನ ಇದು. ಹಾಗಾಗಿ ಹಡಗು ಕ್ವಿಬೆಕ್ ಬಿಡುವುದು ಮಧ್ಯಾಹ್ನವೋ ರಾತ್ರಿಯೋ ಎಂಬುದನ್ನು ಟಿಕೆಟ್ ತೆಗೆಯುವ ಮೊದಲೇ ಕೇಳಿ. ಅಕ್ಟೋಬರ್ ಮೊದಲ ವಾರ ಅಲ್ಲಿ ಸಂಜೆ ಆರೂಕಾಲು, ಆರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ರಾತ್ರಿ ಹೊರಡುವ ಹಡಗಿನಲ್ಲಿ ಶಾರ್ಲ್‌ವಾ ಪೂರ್ತಿ ಕತ್ತಲಲ್ಲಿ ದಾಟಿಹೋಗುತ್ತದೆ.

ಸ್ಯಾಗನೇಗೆ ಇನ್ನೂ ಗಮನ ಕೊಡಿ. ನನ್ನ ಮಟ್ಟಿಗೆ ಇಡೀ ಪ್ರವಾಸದ ಜೀವ ಇರುವುದು ಇಲ್ಲೇ. ಟಾಡುಸ್ಸಾಕ್ ಎಂಬ ಸಣ್ಣ ಊರಿನ ಹತ್ತಿರ ಹಡಗು ಸೇಂಟ್ ಲಾರೆನ್ಸ್ ಬಿಟ್ಟು ಎಡಕ್ಕೆ ತಿರುಗುತ್ತದೆ. ಹಿಮನದಿಗಳು ಕೊರೆದು ಬಿಟ್ಟುಹೋದ ಆಳವಾದ ಕಣಿವೆಗೆ ಸಮುದ್ರದ ನೀರು ನುಗ್ಗಿ ಆದದ್ದು ಈ ಫ್ಯೋರ್ಡ್. ಉದ್ದ ಸುಮಾರು 100 ಕಿಲೋಮೀಟರ್. ಕೆಲವು ಕಡೆ ಬಂಡೆ ಗೋಡೆ 300 ಮೀಟರ್‌ಗೂ ಎತ್ತರ. ಆ ಗೋಡೆಯ ಬಿರುಕುಗಳಲ್ಲೂ ತುದಿಯಲ್ಲೂ ಮರಗಳು ಬೆಂಕಿ ಹಚ್ಚಿದಂತೆ ನಿಂತಿರುತ್ತವೆ, ಕೆಳಗೆ ನೀರು ಕಪ್ಪಗೆ. ಗಾಳಿ ಇಲ್ಲದ ಮಧ್ಯಾಹ್ನ ಆ ಕಪ್ಪು ನೀರಿನಲ್ಲಿ ಬಣ್ಣ ತಲೆಕೆಳಗಾಗಿ ಬಿದ್ದಿರುತ್ತದೆ. ಡೆಕ್ ಮೇಲಿನ ಜನ ತಾವಾಗಿಯೇ ಮಾತು ನಿಲ್ಲಿಸುತ್ತಾರೆ. ಇದನ್ನು ನಾನು ಪ್ರತಿ ಸಲ ಕಂಡಿದ್ದೇನೆ.

ಹಡಗುಗಳು ಸಾಮಾನ್ಯವಾಗಿ ಬೆಳಗಿನ ಜಾವ ಕತ್ತಲಲ್ಲಿ ಫ್ಯೋರ್ಡ್ ಒಳಗೆ ಬಂದು, ಲಾ ಬೇ ಎಂಬಲ್ಲಿ ನಿಂತು, ಮಧ್ಯಾಹ್ನದ ಮೇಲೆ ಹೊರಡುತ್ತವೆ. ಎರಡು, ಮೂರು ಗಂಟೆಗೆ ಹೊರಟರೆ ಮುಖ್ಯವಾದ ಭಾಗವೆಲ್ಲ ಬೆಳಕಿನಲ್ಲಿ ಸಿಗುತ್ತದೆ. ಆರಕ್ಕೆ ಹೊರಟರೆ ಇಲ್ಲ. ನಿಮ್ಮ ಪ್ರವಾಸದ ಪಟ್ಟಿಯಲ್ಲಿ ನಾನು ಮೊದಲು ನೋಡುವ ಸಾಲು ಇದೇ. ಲಾ ಬೇಯಲ್ಲಿ ಊರಿನವರು ಹಳೆಯ ಕಾಲದ ಉಡುಗೆ ತೊಟ್ಟು, ಹಾಡುತ್ತಾ ಕುಣಿಯುತ್ತಾ ಬಂದವರನ್ನು ಎದುರುಗೊಳ್ಳುತ್ತಾರೆ. ಅದನ್ನು ನೋಡಿ, ದಡದಲ್ಲಿ ಸ್ವಲ್ಪ ನಡೆದು, ಊಟದ ಹೊತ್ತಿಗೆ ಹಡಗಿಗೆ ಮರಳಿ. ದೂರದ ಟೂರ್ ಹಿಡಿದು ದಣಿದು ಬಂದರೆ, ನೋಡಲೇಬೇಕಾದ ಹೊತ್ತಿನಲ್ಲಿ ಕೋಣೆಯಲ್ಲಿ ನಿದ್ದೆ ಮಾಡುತ್ತೀರಿ.

ಹೊರಟ ಒಂದೆರಡು ಗಂಟೆಗೆ ಕೇಪ್ ಟ್ರಿನಿಟೇ ಬರುತ್ತದೆ, ಬಲಗಡೆ. ಬಂಡೆಯ ಮೇಲೆ ಸುಮಾರು ಒಂಬತ್ತು ಮೀಟರ್ ಎತ್ತರದ ಮೇರಿ ಮಾತೆಯ ಬಿಳಿ ಪ್ರತಿಮೆ ಇದೆ. ಚಳಿಗಾಲದಲ್ಲಿ ನದಿಯ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದು ಬದುಕಿ ಬಂದ ಒಬ್ಬ ವ್ಯಾಪಾರಿ ಹರಕೆ ತೀರಿಸಲು ಮಾಡಿಸಿದ್ದು. ಲೂಯಿ ಜೋಬಾನ್ ಎಂಬ ಶಿಲ್ಪಿ ಪೈನ್ ಮರದಲ್ಲಿ ಕೆತ್ತಿ ಮೇಲೆ ಸೀಸದ ಹೊದಿಕೆ ಹಾಕಿದ. 1881ರಿಂದ ಅದು ಅಲ್ಲೇ ನಿಂತಿದೆ.

ಬಾಲ್ಕನಿ ಬೇಡ ಅಂದದ್ದು ಇದಕ್ಕೇ. ಶಾರ್ಲ್‌ವಾ ಎಡಗಡೆ, ಕೇಪ್ ಟ್ರಿನಿಟೇ ಬಲಗಡೆ, ಮುಂದೆ ನೋವಾ ಸ್ಕೋಶಿಯಾ ಮತ್ತೆ ಬಲಗಡೆ. ಒಂದು ಪಕ್ಕದ ಬಾಲ್ಕನಿ ಅರ್ಧ ಮಾತ್ರ ತೋರಿಸುತ್ತದೆ. ತೆರೆದ ಡೆಕ್ ಎಲ್ಲರಿಗೂ ಸೇರಿದ್ದು, ಅಲ್ಲಿಂದ ಎರಡೂ ಕಡೆ ಕಾಣುತ್ತದೆ. ಅಮ್ಮನಿಗೆ ಚಳಿ ಆಗದಂತೆ ಮೇಲಿನ ಡೆಕ್‌ನಲ್ಲಿ ಗಾಜಿನೊಳಗೆ ಕೂರುವ ಜಾಗ ಎಲ್ಲಿದೆ ಅಂತ ಮೊದಲ ದಿನವೇ ಹುಡುಕಿಟ್ಟುಕೊಳ್ಳಿ. ಸ್ಯಾಗನೇ ಬಿಡುವ ಅರ್ಧ ಗಂಟೆ ಮೊದಲು ಅವರನ್ನು ಅಲ್ಲಿ ಕೂರಿಸಿ. ಕೋಣೆಯನ್ನು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ, ಲಿಫ್ಟ್‌ಗೆ ಹತ್ತಿರ ತೆಗೆದುಕೊಳ್ಳಿ. ಓಲಾಟ ಅಲ್ಲಿ ಕಡಿಮೆ, ಮಂಡಿಗೂ ನಡಿಗೆ ಕಡಿಮೆ.

ಟಾಡುಸ್ಸಾಕ್ ಹತ್ತಿರ ಬೈನಾಕ್ಯುಲರ್ ಕೈಯಲ್ಲಿರಲಿ. ಆಳದ ತಣ್ಣನೆಯ ಉಪ್ಪು ನೀರು ಇಲ್ಲಿ ತಳದ ದಿಬ್ಬಕ್ಕೆ ಬಡಿದು ಮೇಲಕ್ಕೆ ಬರುತ್ತದೆ. ಜೊತೆಗೆ ಸಣ್ಣ ಸೀಗಡಿಯಂಥ ಜೀವಿಗಳೂ ಬರುತ್ತವೆ, ಅವನ್ನು ತಿನ್ನಲು ತಿಮಿಂಗಿಲಗಳು. ಬೆಲೂಗಾ ಎಂಬ ಬಿಳಿ ತಿಮಿಂಗಿಲಗಳು ಇಲ್ಲಿ ವರ್ಷವಿಡೀ ಇರುತ್ತವೆ. ಎತ್ತರದ ಹಡಗಿನಿಂದ ಅವು ಸಣ್ಣ ಅಲೆಯ ನೊರೆಯಂತೆ ಕಾಣುತ್ತವೆ. ನೊರೆ ಮಾಯವಾಗಿ ಅದೇ ಜಾಗದ ಹತ್ತಿರ ಮತ್ತೆ ಬಂದರೆ ಅದು ಬೆಲೂಗಾ. ಮುಂದೆ ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ ಹಡಗು ನಿಧಾನವಾದರೆ ಬೇಸರ ಮಾಡಿಕೊಳ್ಳಬೇಡಿ. 2017ರಲ್ಲಿ ಆ ಕೊಲ್ಲಿಯಲ್ಲಿ 12 ರೈಟ್ ವೇಲ್‌ಗಳು ಸತ್ತವು. ಲೋಕದಲ್ಲಿ ಕೆಲವೇ ನೂರು ಉಳಿದಿರುವ ತಿಮಿಂಗಿಲ ಅದು. ಹಡಗಿನ ಪೆಟ್ಟು, ಮೀನುಗಾರಿಕೆಯ ಹಗ್ಗ ಎರಡೂ ಕಾರಣ. ಆಮೇಲಿಂದ ಋತುವಿನಲ್ಲಿ ಅಲ್ಲಿನ ಹಲವು ಭಾಗಗಳಲ್ಲಿ ದೊಡ್ಡ ಹಡಗುಗಳು 10 ನಾಟ್ ವೇಗ ಮೀರುವಂತಿಲ್ಲ, ಅಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್. ಈ ನಿಯಮ ತುಂಬ ಒಳ್ಳೆಯದು ಅನ್ನುವವನು ನಾನು.

ಶಾರ್ಲೆಟ್‌ಟೌನ್ ಚಿಕ್ಕ, ಸಮತಟ್ಟಾದ, ಶಾಂತವಾದ ಊರು. ಕೆನಡಾ ಒಂದು ದೇಶವಾಗುವ ಮಾತುಕತೆ 1864ರಲ್ಲಿ ಶುರುವಾದದ್ದು ಇಲ್ಲಿ. ಟೂರ್ ಬೇಡ, ಬಂದರಿನಿಂದ ಸುಮ್ನೆ ನಡೆದು ಬನ್ನಿ. ಸಮಯ ಇದ್ದರೆ ಟ್ಯಾಕ್ಸಿ ಹಿಡಿದು ಊರಾಚೆಯ ಹೊಲ ನೋಡಿ. ಮಣ್ಣು ಕಬ್ಬಿಣದ ತುಕ್ಕಿನಿಂದ ಕೆಂಪಾಗಿದೆ, ಆಚೆಗೆ ನೀಲಿ ಕಡಲು.

ಸಿಡ್ನಿಯಲ್ಲಿ ಮಾತ್ರ ಟೂರ್ ತೆಗೆದುಕೊಳ್ಳಿ. ಇದು ಆಸ್ಟ್ರೇಲಿಯಾದ ಸಿಡ್ನಿ ಅಲ್ಲ, ಕೇಪ್ ಬ್ರೆಟನ್ ದ್ವೀಪದ್ದು. ಬಂದರಿನ ಪಕ್ಕದಲ್ಲೇ ದೈತ್ಯ ಪಿಟೀಲು ನಿಲ್ಲಿಸಿದ್ದಾರೆ. ಸ್ಕಾಟ್ಲೆಂಡಿನಿಂದ ಬಂದ ಜನರ ಪಿಟೀಲು ಸಂಗೀತ ಈ ದ್ವೀಪದಲ್ಲಿ ಇನ್ನೂ ಮನೆಮನೆಯ ಸಂಗೀತ. ಊರಿನಲ್ಲಿ ನೋಡುವುದು ಕಡಿಮೆ. ಬಾಡೆಕ್‌ಗೆ ಹೋಗುವ ಬಸ್ ಆರಿಸಿ, ಒಂದು ಗಂಟೆಯ ದಾರಿ. ಬ್ರಾಸ್ ದೋರ್ ಸರೋವರದ ಸುತ್ತಿನ ಗುಡ್ಡಗಳಲ್ಲಿ ಒಳ್ಳೆಯ ಬಣ್ಣ ಇರುತ್ತದೆ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಈ ಊರನ್ನು ಮೆಚ್ಚಿ ಇಲ್ಲೇ ಮನೆ ಮಾಡಿದ. ಅವನ ತಂಡದ ಸಿಲ್ವರ್ ಡಾರ್ಟ್ ವಿಮಾನ 1909ರ ಫೆಬ್ರವರಿಯಲ್ಲಿ ಇಲ್ಲಿನ ಹೆಪ್ಪುಗಟ್ಟಿದ ನೀರಿನ ಮೇಲಿಂದ ಹಾರಿತು. ಕೆನಡಾದಲ್ಲಿ ಇಂಜಿನ್ ವಿಮಾನ ಹಾರಿದ್ದು ಅದೇ ಮೊದಲು. ಅವನ ವಸ್ತುಸಂಗ್ರಹಾಲಯ ಅಮ್ಮನಿಗೂ ಹಿಡಿಸುತ್ತದೆ. ಕ್ಯಾಬಟ್ ಟ್ರೇಲ್ ಎಂಬ ಇಲ್ಲಿನ ರಸ್ತೆ ಸುತ್ತಿಬರುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಸುಮಾರು 300 ಕಿಲೋಮೀಟರ್, ಹಡಗಿನ ಒಂದು ದಿನಕ್ಕೆ ಆಗುವಂಥದ್ದಲ್ಲ.

ಹ್ಯಾಲಿಫ್ಯಾಕ್ಸ್‌ನಲ್ಲಿ ಹಡಗು ನಿಲ್ಲುವುದು ಪಿಯರ್ 21ರ ಪಕ್ಕದಲ್ಲೇ. 1928ರಿಂದ 1971ರ ತನಕ ಸುಮಾರು ಹತ್ತು ಲಕ್ಷ ವಲಸಿಗರು ಕೆನಡಾದ ನೆಲ ಮುಟ್ಟಿದ್ದು ಈ ಕಟ್ಟಡದ ಮೂಲಕ. ಈಗ ಅದು ವಲಸೆಯ ವಸ್ತುಸಂಗ್ರಹಾಲಯ. ಊರು ಬಿಟ್ಟು ಬೇರೆ ದೇಶದಲ್ಲಿ ಬಾಳು ಕಟ್ಟಿದ ನಿಮ್ಮಂಥವರು ಅಲ್ಲಿ ಒಂದು ಗಂಟೆ ಕಳೆಯಲೇಬೇಕು ಅನ್ನುತ್ತೇನೆ. ಟೈಟಾನಿಕ್ ಮುಳುಗಿದಾಗ ಶವಗಳನ್ನು ಹುಡುಕಲು ಹಡಗುಗಳು ಹೋದದ್ದು ಈ ಬಂದರಿನಿಂದ. 121 ಜನರನ್ನು ಫೇರ್‌ವ್ಯೂ ಲಾನ್ ಸ್ಮಶಾನದಲ್ಲಿ ಮಣ್ಣು ಮಾಡಿದ್ದಾರೆ. ಕೆಲವು ಕಲ್ಲುಗಳ ಮೇಲೆ ಹೆಸರಿಲ್ಲ, ತಾರೀಕು ಮತ್ತು ಒಂದು ಸಂಖ್ಯೆ ಅಷ್ಟೇ.

ಊರಿನ ದೊಡ್ಡ ಗಾಯ ಬೇರೆಯೇ. 1917ರ ಡಿಸೆಂಬರ್ 6ರ ಬೆಳಿಗ್ಗೆ ಮದ್ದುಗುಂಡು ತುಂಬಿದ್ದ ಮೋಂ ಬ್ಲಾಂ ಹಡಗಿಗೆ ಇಮೋ ಎಂಬ ಹಡಗು ಬಂದರಿನ ಕಿರುದಾರಿಯಲ್ಲಿ ಡಿಕ್ಕಿಯಾಯಿತು. ಬೆಂಕಿ ಹತ್ತಿ ಸಿಡಿದು, ಊರಿನ ಉತ್ತರ ಭಾಗ ನೆಲಸಮವಾಯಿತು. ಸುಮಾರು ಎರಡು ಸಾವಿರ ಜನ ಸತ್ತರು. ಮೊದಲು ಸಹಾಯಕ್ಕೆ ಓಡಿಬಂದವರಲ್ಲಿ ಬಾಸ್ಟನ್‌ನವರು ಇದ್ದರು, ವೈದ್ಯರನ್ನೂ ಔಷಧವನ್ನೂ ರೈಲಿನಲ್ಲಿ ಕಳಿಸಿದರು. ಆ ಋಣಕ್ಕೆ ನೋವಾ ಸ್ಕೋಶಿಯಾ ಇವತ್ತಿಗೂ ಪ್ರತಿ ವರ್ಷ ಬಾಸ್ಟನ್‌ಗೆ ಒಂದು ಕ್ರಿಸ್‌ಮಸ್ ಮರ ಕಳಿಸುತ್ತದೆ. ನೀವು ಹೋಗುತ್ತಿರುವುದು ಆ ಎರಡು ಊರುಗಳ ನಡುವಿನ ದಾರಿಯಲ್ಲೇ ಅಲ್ವಾ, ಅದಕ್ಕೇ ಹೇಳಿದೆ.

ಪೆಗ್ಗೀಸ್ ಕೋವ್ ಎಂಬ ಕಡಲಂಚಿನ ಹಳ್ಳಿಗೆ ಹ್ಯಾಲಿಫ್ಯಾಕ್ಸ್‌ನಿಂದ ಮುಕ್ಕಾಲು ಗಂಟೆಗೂ ಮೇಲೆ ಆಗುತ್ತದೆ. ಈಗಿನ ದೀಪಸ್ತಂಭ 1915ರದು, ಬೋಳು ಗ್ರಾನೈಟ್ ಬಂಡೆಗಳ ಮೇಲೆ ನಿಂತಿದೆ. ಬಂಡೆಗಳ ಮೇಲೆ ನಡೆಯುವುದು ಮಂಡಿ ನೋವಿನವರಿಗೆ ಕಷ್ಟ. 2021ರಲ್ಲಿ ಗಾಲಿಕುರ್ಚಿಯೂ ಹೋಗುವಂಥ ಒಂದು ನೋಟದ ಕಟ್ಟೆ ಕಟ್ಟಿದ್ದಾರೆ, ಅಮ್ಮ ಅಲ್ಲಿಂದಲೇ ನೋಡಲಿ. ನೀವು ಕೆಳಗೆ ಇಳಿದರೂ ಕಪ್ಪಗೆ ಒದ್ದೆಯಾಗಿರುವ ಬಂಡೆಯ ಮೇಲೆ ಕಾಲಿಡಬೇಡಿ. ಅಲೆ ಅಲ್ಲಿ ತನಕ ಬಂದು ಹೋಗಿದೆ, ಮತ್ತೆ ಬರುತ್ತದೆ ಎಂಬುದಕ್ಕೆ ಆ ಕಪ್ಪೇ ಗುರುತು. ಅಲ್ಲಿ ಅಲೆಗೆ ಸಿಕ್ಕಿ ಸತ್ತವರಿದ್ದಾರೆ.

ಸೇಂಟ್ ಜಾನ್‌ನಲ್ಲಿ ಜನ ಕೆಲವೊಮ್ಮೆ ಹಡಗಿನಲ್ಲೇ ಕೂತುಬಿಡುತ್ತಾರೆ. ಊರು ನೋಡಲು ಕಾರ್ಖಾನೆಯ ಊರಿನಂತಿದೆ. ಆದರೆ ಫಂಡಿ ಕೊಲ್ಲಿಯ ಉಬ್ಬರ ಇಳಿತ ನೋಡಲು ಇದಕ್ಕಿಂತ ಅನುಕೂಲದ ಬಂದರು ಸಿಗದು. ಈ ಕೊಲ್ಲಿಯ ಒಳತುದಿಯಲ್ಲಿ ನೀರು 16 ಮೀಟರ್ ತನಕ ಏರಿ ಇಳಿಯುತ್ತದೆ, ಲೋಕದಲ್ಲೇ ಅತಿ ಹೆಚ್ಚು. ಸೇಂಟ್ ಜಾನ್‌ನಲ್ಲಿ ಎಂಟು ಮೀಟರ್ ತನಕ. ಯಾಕೆ ಇಷ್ಟು? ಉಯ್ಯಾಲೆ ತೂಗುವುದನ್ನು ನೆನೆಸಿಕೊಳ್ಳಿ. ಉಯ್ಯಾಲೆ ಹಿಂದಕ್ಕೆ ಬಂದು ತಿರುಗುವ ಸರಿಯಾದ ಕ್ಷಣಕ್ಕೆ ತಳ್ಳಿದರೆ ಸಣ್ಣ ತಳ್ಳಿಗೂ ದೊಡ್ಡ ಜೀಕು ಬರುತ್ತದೆ. ಈ ಕೊಲ್ಲಿಯ ಉದ್ದ ಮತ್ತು ಆಳಕ್ಕೆ ಅಲ್ಲಿನ ನೀರು ಒಮ್ಮೆ ಓಲಾಡಲು ಸುಮಾರು 13 ಗಂಟೆ ಬೇಕು. ಸಾಗರದ ಉಬ್ಬರ ಬಾಗಿಲಲ್ಲಿ ತಳ್ಳುವುದು ಪ್ರತಿ 12 ಗಂಟೆ 25 ನಿಮಿಷಕ್ಕೆ. ಎರಡೂ ಹೆಚ್ಚುಕಡಿಮೆ ತಾಳ ಕೂಡುತ್ತವೆ. ಮೇಲೆ ಕೊಲ್ಲಿ ಒಳಗೆ ಹೋದಂತೆ ಕಿರಿದೂ ಆಗುತ್ತದೆ.

ಇಲ್ಲಿನ ರಿವರ್ಸಿಂಗ್ ಫಾಲ್ಸ್ ನೋಡಲು ಎರಡು ಸಲ ಹೋಗಬೇಕು. ಇಳಿತದಲ್ಲಿ ನದಿ ಕಿರಿದಾದ ಕಮರಿಯಲ್ಲಿ ಸಮುದ್ರಕ್ಕೆ ಧುಮುಕುತ್ತದೆ. ಉಬ್ಬರದಲ್ಲಿ ಸಮುದ್ರ ನದಿಗಿಂತ ಎತ್ತರಕ್ಕೆ ಏರಿ ಅದೇ ನದಿಯನ್ನು ಹಿಂದಕ್ಕೆ ನೂಕುತ್ತದೆ. ನಡುವೆ ಸುಮಾರು ಇಪ್ಪತ್ತು ನಿಮಿಷ ನೀರು ಸುಮ್ಮನೆ ನಿಲ್ಲುತ್ತದೆ. ಒಂದೇ ಸಲ ನೋಡಿದವರು "ಏನೂ ಇಲ್ಲ, ಸುಳಿ ಅಷ್ಟೇ" ಅಂತ ಬರುತ್ತಾರೆ. ಆ ದಿನದ ಉಬ್ಬರ ಇಳಿತದ ಹೊತ್ತು ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಒಮ್ಮೆ ಟ್ಯಾಕ್ಸಿಯಲ್ಲಿ ಹೋಗಿ. ನಡುವೆ 1876ರಿಂದ ನಡೆಯುತ್ತಿರುವ ಸಿಟಿ ಮಾರ್ಕೆಟ್ ನೋಡಿ ಊಟ ಮಾಡಿ. ಬೆಳಿಗ್ಗೆ ನೋಡಿದ ಆರು ತಾಸಿನ ನಂತರ ಮತ್ತೆ ಫಾಲ್ಸ್‌ಗೇ ಹೋಗಿ. ಹಡಗಿನಿಂದ ಇಳಿಯುವ ಗ್ಯಾಂಗ್‌ವೇ ಇಳಿಜಾರು ಕೂಡ ದಿನದಲ್ಲಿ ಬದಲಾಗುತ್ತದೆ. ಅಮ್ಮನಿಗೆ ಯಾವ ಹೊತ್ತಿನಲ್ಲಿ ಇಳಿಯುವುದು ಸುಲಭ ಅಂತ ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ಬಾರ್ ಹಾರ್ಬರ್ ಬಗ್ಗೆ ಎರಡು ಎಚ್ಚರಿಕೆ. ಒಂದು, ದಿನಕ್ಕೆ ಹಡಗಿನಿಂದ ಇಳಿಯುವವರು ಸಾವಿರ ಜನ ಮೀರಬಾರದು ಅಂತ ಅಲ್ಲಿನ ಜನ 2022ರಲ್ಲಿ ಮತ ಹಾಕಿದರು. ಆಮೇಲೆ ದೊಡ್ಡ ಹಡಗುಗಳು ಬರುವುದು ಕಡಿಮೆಯಾಗಿದೆ. ನಿಮ್ಮ ಪಟ್ಟಿಯಲ್ಲಿ ಹೆಸರಿದ್ದರೂ ನಿಮ್ಮ ತಾರೀಕಿಗೆ ಅದು ಗಟ್ಟಿಯಾ ಅಂತ ಕೇಳಿ, ಬದಲಿಗೆ ಮೇನ್‌ನದೇ ಆದ ಪೋರ್ಟ್‌ಲ್ಯಾಂಡ್ ಬಂದರೂ ಬರಬಹುದು. ಇನ್ನೊಂದು, ಇಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ನೀರಿನಲ್ಲೇ ಲಂಗರು ಹಾಕಿ, ಟೆಂಡರ್ ಎಂಬ ಸಣ್ಣ ದೋಣಿಯಲ್ಲಿ ಒಯ್ಯುತ್ತಾರೆ. ದೋಣಿ ಅಲುಗಾಡುವಾಗ ಕಾಲು ಎತ್ತಿ ಇಡಬೇಕು. ಕಡಲು ಇಳಿದ ಹೊತ್ತಿನಲ್ಲಿ ದಡಕ್ಕೆ ಹತ್ತುವ ಇಳಿಜಾರೂ ಕಡಿದಾಗಿರುತ್ತದೆ. ಕೆನಡಾದಿಂದ ಬಂದ ಹಡಗಿಗೆ ಇದು ಅಮೆರಿಕದ ಮೊದಲ ಬಂದರು, ಹಾಗಾಗಿ ಪಾಸ್‌ಪೋರ್ಟ್ ತಪಾಸಣೆಗೂ ಸಾಲು ನಿಲ್ಲಬೇಕು. ಅಮ್ಮನಿಗೆ ಕುರ್ಚಿ ಬೇಕೆಂದು ಹಿಂದಿನ ದಿನವೇ ಹೇಳಿಡಿ.

ಇಷ್ಟೆಲ್ಲ ಇದ್ದರೂ ಇಳಿಯಿರಿ. ಊರಿನ ಪಕ್ಕದ ಅಕೇಡಿಯಾ ರಾಷ್ಟ್ರೀಯ ಉದ್ಯಾನದಲ್ಲಿ ಈಗ ಕಾಣುವ ಬಣ್ಣದ ಹಿಂದೆ ಒಂದು ಬೆಂಕಿ ಇದೆ. 1947ರ ಅಕ್ಟೋಬರ್‌ನಲ್ಲಿ ಬಾರ್ ಹಾರ್ಬರ್ ಇರುವ, ಬರದಿಂದ ಒಣಗಿದ್ದ ದ್ವೀಪಕ್ಕೆ ಬೆಂಕಿ ಬಿದ್ದು ಉದ್ಯಾನದ ಹತ್ತು ಸಾವಿರ ಎಕರೆಗೂ ಜಾಸ್ತಿ ಸುಟ್ಟುಹೋಯಿತು. ಸುಟ್ಟದ್ದು ಬಹುಪಾಲು ಸ್ಪ್ರೂಸ್, ಫರ್ ಕಾಡು. ಬೆಳಕು ಬಿದ್ದ ಆ ನೆಲದಲ್ಲಿ ಮೊದಲು ಮೇಲೆದ್ದದ್ದು ಬರ್ಚ್, ಆಸ್ಪೆನ್, ಮೇಪಲ್‌ನಂಥ ಎಲೆ ಉದುರಿಸುವ ಮರಗಳು. ಹಸಿರು ಕರಾವಳಿಯ ನಡುವೆ ಈ ದ್ವೀಪದ ಪೂರ್ವ ಭಾಗ ಮಾತ್ರ ಹಳದಿ, ಕೆಂಪಾಗಿ ಹೊಳೆಯುವುದು ಆ ಕಾರಣಕ್ಕೆ. ಉದ್ಯಾನದ ಬಸ್ ಟೂರ್ ಹಿಡಿದು ಕ್ಯಾಡಿಲಾಕ್ ಬೆಟ್ಟಕ್ಕೆ ಹೋದರೆ 466 ಮೀಟರ್ ಎತ್ತರದಿಂದ ಇದು ಗೆರೆ ಎಳೆದಂತೆ ಕಾಣುತ್ತದೆ. ಸ್ವಂತ ಕಾರಿನಲ್ಲಿ ಹೋಗುವವರು ಬೆಟ್ಟದ ರಸ್ತೆಗೆ ಮೊದಲೇ ಹೊತ್ತು ಕಾಯ್ದಿರಿಸಬೇಕು. ಇಲ್ಲಿ ಹಡಗಿನವರ ಟೂರ್ ತೆಗೆದುಕೊಳ್ಳುವುದೇ ಲೇಸು. ಅವರ ಬಸ್ ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿಗೆ ಕಾಯುವುದಿಲ್ಲ.

ಗಡಿಯಾರದ ವಿಷಯ ಮರೆಯಬೇಡಿ. ಶಾರ್ಲೆಟ್‌ಟೌನ್, ಸಿಡ್ನಿ, ಹ್ಯಾಲಿಫ್ಯಾಕ್ಸ್, ಸೇಂಟ್ ಜಾನ್ ಊರುಗಳು ಕ್ವಿಬೆಕ್ ಮತ್ತು ಬಾಸ್ಟನ್‌ಗಿಂತ ಒಂದು ಗಂಟೆ ಮುಂದೆ. ಫೋನ್ ತಾನಾಗಿಯೇ ಬದಲಾಗುತ್ತದೆ, ಹಡಗಿನ ಗಡಿಯಾರ ಬದಲಾಗಬಹುದು, ಆಗದೆಯೂ ಇರಬಹುದು. ಕೈಗೊಂದು ಗಡಿಯಾರ ಕಟ್ಟಿ, ಅದನ್ನು ಹಡಗಿನ ಹೊತ್ತಿಗೇ ಇಟ್ಟುಕೊಳ್ಳಿ.

ಬಿರುಗಾಳಿಯ ಭಯ ಇದ್ದೇ ಇರುತ್ತದೆ. ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ನವೆಂಬರ್ 30ರ ತನಕ. 2022ರ ಸೆಪ್ಟೆಂಬರ್ 24ರಂದು ಫಿಯೋನಾ ಎಂಬ ಬಿರುಗಾಳಿ ನೋವಾ ಸ್ಕೋಶಿಯಾಗೆ ಬಡಿದು ಸಿಡ್ನಿ, ಶಾರ್ಲೆಟ್‌ಟೌನ್ ಎರಡೂ ಜರ್ಜರಿತವಾಗಿದ್ದವು. ಅಕ್ಟೋಬರ್‌ಗೆ ಅಬ್ಬರ ಇಳಿಯುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಒಂದು ಬಂದರು ತಪ್ಪಿಹೋಗಬಹುದು ಎಂಬ ಮನಸ್ಸಿನಿಂದಲೇ ಹೊರಡಿ. ಟೆಂಡರ್ ಇರುವ ಬಂದರು ಗಾಳಿಗೆ ಮೊದಲು ತಪ್ಪುತ್ತದೆ. ನದಿ ಮತ್ತು ಫ್ಯೋರ್ಡ್‌ನಲ್ಲಿ ಓಲಾಟ ಗೊತ್ತೇ ಆಗುವುದಿಲ್ಲ, ಹ್ಯಾಲಿಫ್ಯಾಕ್ಸ್ ಬಿಟ್ಟ ಮೇಲೆ ಆಗುತ್ತದೆ. ಅಮ್ಮನಿಗೆ ಕೊಡುವ ವಾಂತಿ ಮಾತ್ರೆಯನ್ನು ಅವರ ಡಾಕ್ಟರನ್ನು ಕೇಳಿಯೇ ತನ್ನಿ.

ಒಂದೇ ದಪ್ಪ ಕೋಟ್‌ಗಿಂತ ಮೂರು ತೆಳು ಉಡುಪು ಮೇಲು. ಎಲ್ಲದರ ಮೇಲೆ ಗಾಳಿ, ಮಳೆ ತಡೆಯುವ ಜಾಕೆಟ್. ಕ್ವಿಬೆಕ್‌ನಲ್ಲಿ ಬೆಳಿಗ್ಗೆ ನಾಲ್ಕೈದು ಡಿಗ್ರಿ ಇದ್ದದ್ದು ಮಧ್ಯಾಹ್ನಕ್ಕೆ ಹದಿಮೂರು, ಹದಿನಾಲ್ಕಕ್ಕೆ ಬರುತ್ತದೆ. ಚಲಿಸುವ ಹಡಗಿನ ಡೆಕ್ ಮೇಲೆ ಅದೇ ಗಾಳಿ ಇನ್ನೂ ಕೊರೆಯುತ್ತದೆ. ಟೋಪಿ, ಕೈಗವಸು ಮೂವರಿಗೂ ಇರಲಿ.

ಬಾಸ್ಟನ್‌ನಲ್ಲಿ ಇಳಿದ ದಿನವೇ ವಿಮಾನ ಹಿಡಿಯುವುದಾದರೆ ಮಧ್ಯಾಹ್ನ ಒಂದರ ನಂತರದ್ದು ನೋಡಿ. ಒಂದು ರಾತ್ರಿ ಉಳಿಯಲು ಆಗುವುದಾದರೆ ಇನ್ನೂ ಒಳ್ಳೆಯದು. ನೀವು ಮೊದಲು ನನಗೆ ಕಳಿಸಬೇಕಾದದ್ದು ಎರಡೇ ಹೊತ್ತು: ಹಡಗು ಕ್ವಿಬೆಕ್ ಬಿಡುವುದು ಎಷ್ಟಕ್ಕೆ, ಲಾ ಬೇ ಬಿಡುವುದು ಎಷ್ಟಕ್ಕೆ. ಅವೆರಡೂ ಹಗಲಿನಲ್ಲಿದ್ದರೆ ಮುಂಗಡ ಕಟ್ಟಿಬಿಡಿ.